ಒಳಾಂಗಣದ ಹಿತವೂ ಅದರ ಅಳತೆಯೂ

ಬೇಸಗೆಯ ಬಿಸಿಗೆ ಕನ್ನಡದಲ್ಲಿ ಒಂದೇ ಹೆಸರಿಲ್ಲ. ಗಾಳಿಯಾಡದ ಕೋಣೆಯಲ್ಲಿ ಮೈಯೆಲ್ಲ ಬೆವರಿ ಅಂಗಿ ಬೆನ್ನಿಗೆ ಅಂಟಿಕೊಂಡರೆ ಅದು ಸೆಕೆ. ನಡುಹಗಲಿನ ಬಯಲಿನಿಂದಲೋ ಒಲೆಯ ಬಾಯಿಂದಲೋ ಮುಖಕ್ಕೆ ರಾಚುವುದು ಝಳ. ಸಂಜೆಯಾದ ಮೇಲೂ ಗೋಡೆಯಲ್ಲಿ ಉಳಿದುಕೊಂಡು ಅಂಗೈಗೆ ತಿಳಿಯುವುದು ಕಾವು. ಇವೆಲ್ಲ ಒಟ್ಟುಗೂಡಿ ಜೀವವನ್ನು ಹಿಂಡತೊಡಗಿದಾಗ ಅದು ಬೇಗೆ. ಉಷ್ಣಮಾಪಕದ ಪಾದರಸಕ್ಕೆ ಈ ಭೇದಗಳು ತಿಳಿಯವು. ನಾಲ್ಕಕ್ಕೂ ಅದು ಒಂದೇ ಅಂಕೆಯನ್ನು ತೋರಿಸಿ ಸುಮ್ಮನಾಗಬಹುದು. ಕಟ್ಟಡದ ಒಳಗೆ ವಾಸಿಸುವ, ದುಡಿಯುವ, ಓದುವ ಮನುಷ್ಯನಿಗೆ ಯಾವುದು ಹಿತ, ಆ ಹಿತವನ್ನು ಎಷ್ಟು ಕಡಿಮೆ ವಿದ್ಯುತ್ತಿನಿಂದ ಒದಗಿಸಬಹುದು ಎಂಬುದನ್ನು ಕುರಿತು ಕಳೆದ ನೂರು ವರ್ಷಗಳಲ್ಲಿ ಒಂದು ಶಾಸ್ತ್ರವೇ ಬೆಳೆದುಬಂದಿದೆ. ಅದರ ಚರಿತ್ರೆಯನ್ನು ಅವಲೋಕಿಸಿದರೆ, ಒಂದೇ ಅಂಕೆಯನ್ನು ಅರಸಿ ಹೊರಟ ಶಾಸ್ತ್ರಜ್ಞರು ಬಹು ಪ್ರಯಾಸದ ಬಳಿಕ ಈ ಭೇದಗಳ ಬಳಿಗೇ ಬಂದು ತಲಪಿದರೆಂಬುದು ಕಂಡುಬರುತ್ತದೆ. ಶಾಲೆಗೊಂದು ಕೊಠಡಿಯನ್ನು ಕಟ್ಟಿಸಿಕೊಡುವ ದಾನಿಗಳಿಗೂ, ಆ ಕೊಠಡಿಯಲ್ಲಿ ಮಾರ್ಚಿ ತಿಂಗಳ ಮಧ್ಯಾಹ್ನ ಪಾಠ ಹೇಳಬೇಕಾದ ಉಪಾಧ್ಯಾಯರಿಗೂ ಈ ವಿಷಯ ದೂರದ್ದಲ್ಲ.

ಯಂತ್ರದಿಂದ ಗಾಳಿಯನ್ನು ಹದಗೊಳಿಸುವ ಆಧುನಿಕ ವಿದ್ಯೆ ಮೊದಲು ಹುಟ್ಟಿದ್ದು ಮನುಷ್ಯನ ಸುಖಕ್ಕಾಗಿ ಅಲ್ಲವೆಂಬುದೊಂದು ವಿನೋದ. 1902ರಲ್ಲಿ ಅಮೆರಿಕದ ಬ್ರೂಕ್ಲಿನ್ನಿನ ಒಂದು ಮುದ್ರಣಾಲಯದಲ್ಲಿ ಹವೆಯ ತೇವ ಏರಿಳಿದಂತೆಲ್ಲ ಕಾಗದ ಹಿಗ್ಗಿ ಕುಗ್ಗಿ, ಒಂದು ಬಣ್ಣದ ಮೇಲೆ ಇನ್ನೊಂದು ಬಣ್ಣ ಸರಿಯಾಗಿ ಕೂಡುತ್ತಿರಲಿಲ್ಲ. ಅದರ ಪರಿಹಾರಕ್ಕಾಗಿ ವಿಲ್ಲಿಸ್ ಕ್ಯಾರಿಯರ್ ಎಂಬ ತರುಣ ಎಂಜಿನಿಯರು ರೂಪಿಸಿದ ವ್ಯವಸ್ಥೆಯೇ ಇಂದಿನ ಹವಾನಿಯಂತ್ರಣ ಯಂತ್ರದ ಮೂಲಪುರುಷ. ಕಾಗದಕ್ಕೆ ಯಾವ ಹವೆ ಹಿತವೆಂಬುದನ್ನು ಅಳೆಯುವುದು ಸುಲಭ. ಕಾಗದವು ಅಭಿಪ್ರಾಯ ಹೇಳುವುದಿಲ್ಲ. ಮನುಷ್ಯನ ವಿಷಯಕ್ಕೆ ಬಂದಾಗಲೇ ತೊಡಕು. 1923ರಲ್ಲಿ ಪಿಟ್ಸ್‌ಬರ್ಗಿನ ಸಂಶೋಧಕರಾದ ಹೌಟನ್ ಮತ್ತು ಯಾಗ್ಲೊ ಎಂಬವರು ಅಕ್ಕಪಕ್ಕದ ಎರಡು ಕೋಣೆಗಳಲ್ಲಿ ಉಷ್ಣವನ್ನೂ ತೇವವನ್ನೂ ಬೇರೆ ಬೇರೆ ಪ್ರಮಾಣದಲ್ಲಿ ಇರಿಸಿ, ಜನರನ್ನು ಒಂದರಿಂದ ಒಂದಕ್ಕೆ ನಡೆದಾಡಿಸಿ, ಯಾವುದು ಹೆಚ್ಚು ಬಿಸಿಯೆನಿಸಿತೆಂದು ಕೇಳಿದರು. ಉಷ್ಣ ಕಡಿಮೆಯಿದ್ದು ತೇವ ಹೆಚ್ಚಿದ ಕೋಣೆಯೂ, ಉಷ್ಣ ಹೆಚ್ಚಿದ್ದು ಒಣಗಿದ ಕೋಣೆಯೂ ಮೈಗೆ ಒಂದೇ ಆಗಿ ತೋರಬಹುದೆಂಬುದು ಆಗ ಲೆಕ್ಕಕ್ಕೆ ಸಿಕ್ಕಿತು. ಮಂಗಳೂರಿನ ಸೆಕೆಯನ್ನೂ ರಾಯಚೂರಿನ ಬಿಸಿಲನ್ನೂ ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. 1936ರಲ್ಲಿ ಇಂಗ್ಲೆಂಡಿನ ಥಾಮಸ್ ಬೆಡ್‌ಫರ್ಡ್ ಕಾರ್ಖಾನೆಗಳಿಗೇ ಹೋಗಿ, ಕೆಲಸದಲ್ಲಿ ತೊಡಗಿದ್ದವರನ್ನು ಕೇಳಿ, ಅವರ ಉತ್ತರಗಳನ್ನು ಏಳು ಮೆಟ್ಟಿಲುಗಳ ಒಂದು ಮಾಪಕದಲ್ಲಿ ಜೋಡಿಸಿದನು. ಏಳು ಮೆಟ್ಟಿಲುಗಳ ಆ ಪದ್ಧತಿ ಇಂದಿಗೂ ಬಳಕೆಯಲ್ಲಿದೆ.

ಈ ಶಾಸ್ತ್ರಕ್ಕೆ ಗಣಿತದ ಗಟ್ಟಿ ತಳಹದಿಯನ್ನು ಹಾಕಿಕೊಟ್ಟವನು ಡೆನ್ಮಾರ್ಕಿನ ಪ್ರಾಧ್ಯಾಪಕ ಓಲೆ ಫ್ಯಾಂಗರ್ (1934–2006). ಅಮೆರಿಕದ ಕಾನ್ಸಾಸ್ ರಾಜ್ಯ ವಿಶ್ವವಿದ್ಯಾಲಯದಲ್ಲಿ ಉಷ್ಣ, ತೇವ, ಗಾಳಿ ಮೂರನ್ನೂ ಬೇಕಾದಂತೆ ನಿಲ್ಲಿಸಬಲ್ಲ ಒಂದು ಪ್ರಯೋಗಕೋಣೆಯಿತ್ತು. ವಿದ್ಯಾರ್ಥಿಗಳನ್ನು ಒಂದೇ ಬಗೆಯ ಉಡುಪಿನಲ್ಲಿ ಅಲ್ಲಿ ಗಂಟೆಗಟ್ಟಲೆ ಕೂರಿಸಿ ಅವರ ಅನುಭವವನ್ನು ದಾಖಲಿಸಲಾಗುತ್ತಿತ್ತು. ಅಲ್ಲಿನ ಫಲಿತಾಂಶಗಳನ್ನೂ ಡೆನ್ಮಾರ್ಕಿನಲ್ಲಿ ತಾನು ನಡೆಸಿದ ಪ್ರಯೋಗಗಳನ್ನೂ ಆಧರಿಸಿ ಫ್ಯಾಂಗರನು 1970ರಲ್ಲಿ ತನ್ನ ಮಹಾಪ್ರಬಂಧವನ್ನು ಪ್ರಕಟಿಸಿದನು. ಅವನ ಮತದಂತೆ ಒಳಾಂಗಣದ ಹಿತವನ್ನು ನಿರ್ಣಯಿಸುವ ಅಂಶಗಳು ಆರು: ಗಾಳಿಯ ಉಷ್ಣಮಾನ, ಸುತ್ತಲ ಗೋಡೆ-ಛಾವಣಿಗಳಿಂದ ಸೂಸುವ ಉಷ್ಣ, ಗಾಳಿಯ ತೇವ, ಗಾಳಿಯ ವೇಗ, ಮನುಷ್ಯನು ಉಟ್ಟ ಬಟ್ಟೆ ಮತ್ತು ಅವನು ಮಾಡುತ್ತಿರುವ ಕೆಲಸ. ದೇಹವು ಉತ್ಪಾದಿಸುವ ಉಷ್ಣಕ್ಕೂ ಅದು ಹೊರಕ್ಕೆ ಬಿಡುವ ಉಷ್ಣಕ್ಕೂ ಸಮತೂಕವಿದ್ದಲ್ಲಿ ಹಿತ; ತಕ್ಕಡಿ ವಾಲಿದಲ್ಲಿ ಅಹಿತ. ಈ ಆರನ್ನೂ ಒಂದು ಸಮೀಕರಣದಲ್ಲಿ ಹೂಡಿದರೆ, ಆ ಕೋಣೆಯಲ್ಲಿ ಕುಳಿತ ಸಮೂಹವು ಏಳು ಮೆಟ್ಟಿಲುಗಳಲ್ಲಿ ಎಲ್ಲಿ ನಿಲ್ಲುವುದೆಂದು ಮುಂದಾಗಿಯೇ ಹೇಳಬಹುದು.

ಸೆಕೆ, ಝಳ, ಕಾವುಗಳನ್ನು ಬೇರೆಬೇರೆಯಾಗಿ ಗುರುತಿಸಿದ ಕನ್ನಡಿಗನ ಅನುಭವಕ್ಕೆ ಹೀಗೆ ಶಾಸ್ತ್ರದ ಮುದ್ರೆ ಬಿದ್ದಂತಾಯಿತು. ಸೆಕೆಯೆಂದರೆ ತೇವ ಹೆಚ್ಚಿ ಗಾಳಿಯ ಚಲನೆ ನಿಂತ ಸ್ಥಿತಿ. ಕಾವೆಂದರೆ ಗೋಡೆ-ಛಾವಣಿಗಳು ಸೂಸುವ ಉಷ್ಣ. ಫ್ಯಾಂಗರನ ಇನ್ನೊಂದು ನಿರ್ಣಯವೂ ಸ್ವಾರಸ್ಯವಾದುದು. ಎಷ್ಟೇ ಉತ್ತಮವಾಗಿ ಹದಗೊಳಿಸಿದ ಕೋಣೆಯಲ್ಲಿಯೂ ನೂರಕ್ಕೆ ಐವರು ಅತೃಪ್ತರಾಗಿಯೇ ಉಳಿಯುವರೆಂದು ಅವನ ಲೆಕ್ಕ ಹೇಳುತ್ತದೆ. ಸಾಮೂಹಿಕ ಅನ್ನಸಂತರ್ಪಣೆಯ ಮೇಲ್ವಿಚಾರಣೆಯನ್ನು ಒಮ್ಮೆಯಾದರೂ ಹೊತ್ತವರು ಈ ಪ್ರಮಾಣವನ್ನು ಬಹಳ ಉದಾರವೆಂದೇ ತಿಳಿದಾರು.

ಆದರೆ ಈ ಸಮೀಕರಣ ಹೊರಜಗತ್ತಿನಲ್ಲಿ ಪಡೆದ ರೂಪ ಬೇರೆ. ವಯಸ್ಸು, ಲಿಂಗ, ದೇಶಗಳ ಭೇದ ಗಣನೀಯವಲ್ಲವೆಂದು ಫ್ಯಾಂಗರನು ತೀರ್ಮಾನಿಸಿದ್ದನು. 1984ರಲ್ಲಿ ಅವನ ವಿಧಾನ ಅಂತರರಾಷ್ಟ್ರೀಯ ಮಾನಕವಾಗಿಯೂ ಅಂಗೀಕೃತವಾಯಿತು. ಇದರಿಂದ ಕಟ್ಟಡಗಳನ್ನು ಯೋಜಿಸುವವರಿಗೆ ಒಂದು ಅನುಕೂಲ ದೊರೆಯಿತು: ಉಡುಪನ್ನೂ ಕೆಲಸವನ್ನೂ ಒಂದೇ ಎಂದು ಊಹಿಸಿಕೊಂಡು, ಕಿಟಕಿಗಳನ್ನು ಬಿಗಿದು, ಯಂತ್ರವನ್ನು ಒಂದು ಅಂಕೆಗೆ ನಿಲ್ಲಿಸಿದರೆ ಕರ್ತವ್ಯ ಮುಗಿಯಿತು. ಕೋಟು ತೊಟ್ಟವರಿಗಾಗಿ ಗೊತ್ತುಮಾಡಿದ ಅಂಕೆ ಧೋತರ ಉಟ್ಟವರ ಊರಿಗೂ ಬಂದಿತು. 2015ರಲ್ಲಿ ನೆದರ್ಲೆಂಡಿನ ಇಬ್ಬರು ಸಂಶೋಧಕರು ತೋರಿಸಿಕೊಟ್ಟಂತೆ, ಆ ಲೆಕ್ಕದಲ್ಲಿ ದೇಹದ ಉಷ್ಣೋತ್ಪತ್ತಿಗೆ ಹಿಡಿದ ಪ್ರಮಾಣವು ನಲವತ್ತು ವರ್ಷ ವಯಸ್ಸಿನ, ಎಪ್ಪತ್ತು ಕಿಲೋ ತೂಕದ ಗಂಡಸಿನದು. ಕಛೇರಿಗಳಲ್ಲಿ ಹೆಂಗಸರು ನಡುಬೇಸಗೆಯಲ್ಲಿ ಶಾಲು ಹೊದ್ದು ಕೂರುವುದಕ್ಕೆ ಅವರ ನಾಜೂಕುತನವೇ ಕಾರಣವೆಂದು ಹಾಸ್ಯ ಮಾಡುತ್ತಿದ್ದವರು ಇದನ್ನು ಗಮನಿಸಬೇಕು. ದೋಷ ಲೆಕ್ಕದಲ್ಲಿತ್ತು.

ಇದಕ್ಕೆ ಪ್ರತಿಯಾದ ವಿಚಾರಧಾರೆ ಭಾರತದ ನೆಲದಿಂದಲೂ ತನ್ನ ಬೀಜವನ್ನು ಪಡೆಯಿತೆಂಬುದು ಅನೇಕರಿಗೆ ತಿಳಿಯದ ಸಂಗತಿ. 1960ರ ದಶಕದಲ್ಲಿ ಚಾರ್ಲ್ಸ್ ವೆಬ್ ಎಂಬ ಇಂಗ್ಲಿಷ್ ಸಂಶೋಧಕನು, ಹಿಂದೆ ಸಿಂಗಪುರದಲ್ಲಿ ಇಂಥದೇ ಅಧ್ಯಯನ ನಡೆಸಿದ್ದವನು, ಉತ್ತರ ಭಾರತದ ರೂರ್ಕಿಯಲ್ಲಿಯೂ ಇರಾಕಿನ ಬಾಗ್ದಾದಿನಲ್ಲಿಯೂ ಇಂಗ್ಲೆಂಡಿನಲ್ಲಿಯೂ ಜನರ ನಿತ್ಯದ ಪರಿಸರದಲ್ಲೇ ಉಷ್ಣ, ತೇವ, ಗಾಳಿಗಳನ್ನು ಅಳೆದು, ಅವರ ಹಿತಾಹಿತಗಳನ್ನು ಬರೆಯಿಸಿಟ್ಟನು. ರೂರ್ಕಿಯ ಜನ ಬೇಸಗೆಯಲ್ಲಿ ಮೂವತ್ತು ಡಿಗ್ರಿಯ ಆಸುಪಾಸಿನಲ್ಲಿ, ಬೀಸಣಿಗೆಯ ಗಾಳಿಯಿದ್ದಾಗ, ಹಿತವಾಗಿಯೇ ಇರುವೆವೆಂದು ಹೇಳಿದರು. ಇಂಗ್ಲೆಂಡಿನವರಿಗೆ ಅದು ಸಹಿಸಲಾಗದ ಬಿಸಿ. ಪ್ರತಿಯೊಂದು ಊರಿನವರಿಗೂ ಹಿತವೆನಿಸಿದ್ದು ಅವರು ಆ ಕಾಲದಲ್ಲಿ ಸಾಮಾನ್ಯವಾಗಿ ಕಾಣುತ್ತಿದ್ದ ಉಷ್ಣಮಾನಕ್ಕೆ ಸಮೀಪವಾಗಿತ್ತು.

ವೆಬ್ಬನು ಕೂಡಿಹಾಕಿದ ಈ ದಾಖಲೆಗಳನ್ನು ವಿಶ್ಲೇಷಿಸಿದವರು ಅವನಿಗಿಂತ ಕಿರಿಯರಾದ ಮೈಕೆಲ್ ಹಂಫ್ರೀಸ್ ಮತ್ತು ಫರ್ಗಸ್ ನಿಕೋಲ್. ಮನುಷ್ಯನು ಉಷ್ಣವನ್ನು ಸುಮ್ಮನೆ ಸಹಿಸುತ್ತ ಕೂರುವ ವಸ್ತುವಲ್ಲ. ಅಹಿತವಾದೊಡನೆ ಅವನು ಏನನ್ನಾದರೂ ಮಾಡುತ್ತಾನೆ, ಕಿಟಕಿ ತೆರೆಯುತ್ತಾನೆ, ಅಂಗಿಯ ಗುಂಡಿ ಬಿಚ್ಚುತ್ತಾನೆ, ನೆರಳಿಗೆ ಸರಿಯುತ್ತಾನೆ, ಮಜ್ಜಿಗೆ ಕುಡಿಯುತ್ತಾನೆ ಎಂಬುದನ್ನು ಅವರು 1973ರಲ್ಲಿ ಸಿದ್ಧಾಂತದ ರೂಪದಲ್ಲಿ ಮಂಡಿಸಿದರು. ನಿಕೋಲನು ರೂರ್ಕಿ-ಬಾಗ್ದಾದುಗಳ ದಾಖಲೆಯನ್ನು 1974ರಲ್ಲಿ ಪ್ರತ್ಯೇಕವಾಗಿ ಪ್ರಕಟಿಸಿದನು. ಹಂಫ್ರೀಸನು ಲೋಕದ ನಾನಾ ಭಾಗಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಜನರಿಗೆ ಹಿತವೆನಿಸಿದ ಉಷ್ಣಮಾನ ಹದಿನೇಳು ಡಿಗ್ರಿಯಿಂದ ಮೂವತ್ತನ್ನೂ ದಾಟಿ ಹರಡಿತ್ತು. ಒಂದೇ ಅಂಕೆಯ ಶಾಸ್ತ್ರಕ್ಕೆ ಇದಕ್ಕಿಂತ ದೊಡ್ಡ ಆಕ್ಷೇಪ ಬೇಕಿರಲಿಲ್ಲ. ಆದರೂ ಬಹುಕಾಲ ಅದು ಆಕ್ಷೇಪವಾಗಿಯೇ ಉಳಿಯಿತು. ರಿಚರ್ಡ್ ಡಿ ಡಿಯರ್ ಮತ್ತು ಗೇಲ್ ಬ್ರೇಗರ್ ಎಂಬವರು ನಾಲ್ಕು ಖಂಡಗಳ 160 ಕಟ್ಟಡಗಳಿಂದ ಸುಮಾರು 21,000 ದಾಖಲೆಗಳನ್ನು ಸಂಗ್ರಹಿಸಿ 1998ರಲ್ಲಿ ವರದಿ ಮಾಡಿದ ಮೇಲೆಯೇ ಮಾನಕಗಳನ್ನು ಬರೆಯುವವರು ಕಣ್ಣು ತೆರೆದದ್ದು. ಮುಚ್ಚಿದ ಕಟ್ಟಡದಲ್ಲಿ ಫ್ಯಾಂಗರನ ಸಮೀಕರಣ ಬಹುಮಟ್ಟಿಗೆ ಸರಿಯಾಗಿತ್ತು. ಕಿಟಕಿ ತೆರೆಯಬಲ್ಲ ಕಟ್ಟಡದಲ್ಲಿ ತಪ್ಪುತ್ತಿತ್ತು. ಕಿಟಕಿಯ ಅಗುಳಿ ತನ್ನ ಕೈಯಲ್ಲಿದೆಯೆಂದು ಬಲ್ಲವನು ಹೆಚ್ಚಿನ ಬಿಸಿಯನ್ನೂ ಹಿತವೆಂದು ಸ್ವೀಕರಿಸುತ್ತಿದ್ದನು. 2004ರಲ್ಲಿ ಅಮೆರಿಕದ ಮಾನಕದಲ್ಲಿ ಇಂಥ ಕಟ್ಟಡಗಳಿಗೆ ಪ್ರತ್ಯೇಕ ನಿಯಮ ಸೇರಿತು.

ಇಲ್ಲಿ ಭಾಷೆಗೆ ಸಂಬಂಧಿಸಿದ ಒಂದು ಮಾತನ್ನು ಹೇಳದೆ ಮುಂದೆ ಹೋಗುವುದು ಸಲ್ಲದು. ಏಳು ಮೆಟ್ಟಿಲುಗಳ ಮಾಪಕದ ನಡುವಣ ಮೆಟ್ಟಿಲು ಬಿಸಿಯೂ ಅಲ್ಲದ ತಂಪೂ ಅಲ್ಲದ ಸ್ಥಿತಿ. ಅದೇ ಹಿತವೆಂದು ಹಿಂದಿನವರು ಭಾವಿಸಿದ್ದರು. ಬೆಚ್ಚನೆಯದಕ್ಕೆ ಒಂದು ಬದಿ, ತಂಪಿಗೆ ಇನ್ನೊಂದು ಬದಿ. ಎರಡೂ ನಡುವಿನಿಂದ ದೂರ ಸರಿದಂತೆ ದೋಷ. ಆದರೆ ಕನ್ನಡದಲ್ಲಿ ಬೆಚ್ಚಗಿರುವುದೂ ಒಳ್ಳೆಯದೇ, ತಂಪಾಗಿರುವುದೂ ಒಳ್ಳೆಯದೇ. ಹೊಟ್ಟೆ ತಣ್ಣಗಿರಲೆಂದು ಹರಸುವ ಅಜ್ಜಿಯೇ ಮೊಮ್ಮಗನಿಗೆ ಬೆಚ್ಚಗೆ ಹೊದ್ದು ಮಲಗೆಂದು ಹೇಳುತ್ತಾಳೆ. ಮಲೆನಾಡಿನ ಮಳೆಗಾಲದ ಬೆಚ್ಚನೆಗೂ ಬಯಲುಸೀಮೆಯ ಬೇಸಗೆಯ ತಂಪಿಗೂ ಇರುವ ಬೆಲೆ ನಡುಮೆಟ್ಟಿಲಿಗೆ ಇಲ್ಲ. ಬಿಸಿಯ ನಾಡಿನವರು ಮಾಪಕದಲ್ಲಿ ತುಸು ತಂಪಿನ ಕಡೆಯನ್ನೂ, ಚಳಿಯ ನಾಡಿನವರು ತುಸು ಬೆಚ್ಚನೆಯ ಕಡೆಯನ್ನೂ ಬಯಸುವರೆಂಬುದನ್ನು ಸಂಶೋಧಕರು ಈಗ ಒಪ್ಪಿದ್ದಾರೆ. ಪ್ರಶ್ನೆಯ ಪದ ಕೆಟ್ಟರೆ ಉತ್ತರದ ಅಂಕೆಯೂ ಕೆಡುತ್ತದೆ. ಪ್ರಶ್ನಾವಳಿಗಳನ್ನು ದೇಶಭಾಷೆಗಳಿಗೆ ತರುವ ಕೆಲಸ ಎಂಜಿನಿಯರುಗಳಿಂದ ಮಾತ್ರ ಆಗತಕ್ಕದ್ದಲ್ಲ.

ಭಾರತದಲ್ಲಿ ಈಚಿನ ಎರಡು ದಶಕಗಳಲ್ಲಿ ನಡೆದ ಕೆಲಸ ಗಮನಾರ್ಹವಾದುದು. ಮಾಧವಿ ಇಂದ್ರಗಂಟಿ ಎಂಬ ವಿದುಷಿ 2008ರ ಬೇಸಗೆ ಮತ್ತು ಮಳೆಗಾಲದಲ್ಲಿ ಹೈದರಾಬಾದಿನ ವಸತಿಸಮುಚ್ಚಯಗಳ ಮನೆಮನೆಗೂ ಹೋಗಿ ಅಧ್ಯಯನ ನಡೆಸಿದರು. ಅಲ್ಲಿನವರಿಗೆ ಹಿತವೆನಿಸಿದ ಮಟ್ಟ ಸುಮಾರು 29 ಡಿಗ್ರಿ. 26ರಿಂದ 32ರ ವರೆಗೂ ಅವರು ಹೊಂದಿಕೊಳ್ಳಬಲ್ಲವರಾಗಿದ್ದರು. ಅವರೇ ಮುಂದೆ ಸೀರೆಯನ್ನು ಕುರಿತು ಸಂಶೋಧನೆ ಮಾಡಿದರು. ಉಡುವ ರೀತಿಯನ್ನು ಬದಲಿಸಿದರೆ, ಸೆರಗನ್ನು ಹೊದ್ದರೆ ಅಥವಾ ಸಡಿಲಿಸಿದರೆ, ಒಂದೇ ಸೀರೆ ಮೈಗೆ ಕೊಡುವ ಉಷ್ಣರಕ್ಷೆ ಗಣನೀಯವಾಗಿ ಬದಲಾಗುತ್ತದೆಂಬುದನ್ನು ಅಳತೆಯಿಂದ ತೋರಿಸಿದರು. ಪಾಶ್ಚಾತ್ಯ ಕೋಷ್ಟಕಗಳಲ್ಲಿ ಕೋಟು ಷರಾಯಿಗಳಿಗೆ ಒಂದು ಅಂಕೆಯಿದ್ದಂತೆ ಸೀರೆಗೂ ಒಂದೇ ಅಂಕೆ ಕೊಟ್ಟರೆ ಸಾಲದೆಂಬುದು ಇದರಿಂದ ಸ್ಪಷ್ಟವಾಯಿತು.

ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯದ ಸಂಶೋಧಕರು ಇನ್ನೂ ವಿಶಾಲವಾದ ಸಮೀಕ್ಷೆಯನ್ನು ಕೈಗೊಂಡರು. ಅಹಮದಾಬಾದು, ದೆಹಲಿ, ಚೆನ್ನೈ, ಶಿಮ್ಲಾ ಮತ್ತು ಬೆಂಗಳೂರು ಎಂಬ ಐದು ನಗರಗಳ 16 ಕಛೇರಿ ಕಟ್ಟಡಗಳಲ್ಲಿ, ಮೂರು ಋತುಗಳಲ್ಲಿ, 6,330 ಉತ್ತರಗಳನ್ನು ಅವರು ಸಂಗ್ರಹಿಸಿದರು. ಸಮಶೀತೋಷ್ಣ ವಲಯದ ಪ್ರತಿನಿಧಿಯಾಗಿ ಆರಿಸಲ್ಪಟ್ಟದ್ದು ನಮ್ಮ ಬೆಂಗಳೂರು. ಹೊರಗಿನ ಮೂವತ್ತು ದಿನಗಳ ಸರಾಸರಿ ಉಷ್ಣಮಾನ 12.5ರಿಂದ 31 ಡಿಗ್ರಿಯ ವರೆಗೆ ಏರಿದಂತೆ, ಕಿಟಕಿ ತೆರೆಯುವ ಕಟ್ಟಡಗಳಲ್ಲಿ ಜನರಿಗೆ ಹಿತವೆನಿಸಿದ ಮಟ್ಟ 19.6ರಿಂದ 28.5ರ ವರೆಗೆ ಏರಿತು. ಎಂದರೆ ಹೊರಗೆ ಎರಡು ಡಿಗ್ರಿ ಏರಿದರೆ ಒಳಗಿನವನ ಹಿತವೂ ಸುಮಾರು ಒಂದು ಡಿಗ್ರಿ ಮೇಲಕ್ಕೆ ಸರಿಯುತ್ತದೆ. ನಮ್ಮ ಆಯುರ್ವೇದ ಗ್ರಂಥಗಳು ಋತುಚರ್ಯೆಯೆಂದು ಪ್ರತ್ಯೇಕ ಅಧ್ಯಾಯವನ್ನೇ ಇಟ್ಟು ಆಹಾರ, ಉಡುಪು, ಶಯನಗಳನ್ನು ಋತುವಿಗೆ ತಕ್ಕಂತೆ ಮಾರ್ಪಡಿಸಿಕೊಳ್ಳಲು ವಿಧಿಸಿದ್ದವು. ವೈದ್ಯನು ವಿಧಿಸಿದ್ದನ್ನೇ ಎಂಜಿನಿಯರನು ಅಂಕೆಗಳಲ್ಲಿ ಕಂಡನು. ಆದರೆ ಹಿಂದಿನವರು ಎಲ್ಲವನ್ನೂ ಮೊದಲೇ ಹೇಳಿಬಿಟ್ಟಿದ್ದರೆಂದು ಬೀಗುವುದಕ್ಕೆ ಇದು ಆಧಾರವಾಗದು. ಎರಡು ಡಿಗ್ರಿಗೆ ಒಂದು ಡಿಗ್ರಿಯೆಂಬ ಪ್ರಮಾಣವನ್ನು ಅವರು ಹೇಳಿರಲಿಲ್ಲ, ಕಟ್ಟಡ ಕಟ್ಟುವವನಿಗೆ ಬೇಕಾದದ್ದು ಆ ಪ್ರಮಾಣವೇ.

ಈ ಡಿಗ್ರಿಗಳ ಹಿಂದೆ ಎಷ್ಟು ವಿದ್ಯುತ್ತು ನಿಂತಿದೆಯೆಂಬುದನ್ನು ನೋಡಬೇಕು. 2019ರಲ್ಲಿ ಭಾರತ ಸರಕಾರವು ಪ್ರಕಟಿಸಿದ ಶೈತ್ಯೀಕರಣ ಕಾರ್ಯಯೋಜನೆಯ ಅಂದಾಜಿನಂತೆ, ದೇಶದ ಒಟ್ಟು ಶೈತ್ಯೀಕರಣದ ಬೇಡಿಕೆ 2017-18ರಲ್ಲಿ ಇದ್ದುದಕ್ಕಿಂತ 2037-38ರ ವೇಳೆಗೆ ಸುಮಾರು ಎಂಟು ಪಟ್ಟು ಆಗಲಿದೆ. ಆ ಯೋಜನೆ ಸಿದ್ಧವಾದಾಗ ನೂರಕ್ಕೆ ಎಂಟು ಮನೆಗಳಲ್ಲಿ ಮಾತ್ರ ಹವಾನಿಯಂತ್ರಣ ಯಂತ್ರವಿತ್ತು. ಯಂತ್ರದ ಅಂಕೆಯನ್ನು ಒಂದು ಡಿಗ್ರಿ ಮೇಲಕ್ಕೆ ಇರಿಸಿದರೆ ನೂರಕ್ಕೆ ಆರರಷ್ಟು ವಿದ್ಯುತ್ತು ಉಳಿಯುವುದೆಂದು ಕೇಂದ್ರದ ಇಂಧನ ದಕ್ಷತಾ ಸಂಸ್ಥೆ ಲೆಕ್ಕ ಹಾಕಿತು. 2020ರ ಜನವರಿ 1ರಿಂದ ಕೋಣೆಯ ಯಂತ್ರಗಳೆಲ್ಲ 24 ಡಿಗ್ರಿಯಲ್ಲೇ ಆರಂಭವಾಗತಕ್ಕದ್ದೆಂಬ ನಿಯಮ ಜಾರಿಗೆ ಬಂತು. ಜಪಾನಿನಲ್ಲಿ 2005ರಲ್ಲಿಯೇ ಸರಕಾರಿ ಕಛೇರಿಗಳ ಯಂತ್ರವನ್ನು ಬೇಸಗೆಯಲ್ಲಿ 28ಕ್ಕೆ ಇರಿಸಿ, ನೌಕರರು ಕೋಟು ಟೈಗಳನ್ನು ಬಿಟ್ಟು ಬರುವಂತೆ ಪ್ರೋತ್ಸಾಹಿಸಲಾಗಿತ್ತು. ಇನ್ನು ಬೀಸಣಿಗೆ: ಛಾವಣಿಯ ಹಳೆಯ ಬೀಸಣಿಗೆಗೆ ಬೇಕಾದುದು ಎಪ್ಪತ್ತು-ಎಪ್ಪತ್ತೈದು ವಾಟ್, ಹೊಸ ಬಗೆಯದಕ್ಕೆ ಅದರ ಅರ್ಧಕ್ಕಿಂತ ಕಡಿಮೆ. ಒಂದೂವರೆ ಟನ್ನಿನ ಯಂತ್ರವೊಂದು ದುಡಿಯುವಾಗ ಸುಮಾರು 1,500 ವಾಟ್ ಎಳೆಯುತ್ತದೆ, ಅಂದರೆ ಇಪ್ಪತ್ತು ಬೀಸಣಿಗೆಗಳ ಆಹಾರ. ತಿರುಗುವ ಬೀಸಣಿಗೆ ಕೋಣೆಯ ಉಷ್ಣಮಾನವನ್ನು ಕಿಂಚಿತ್ತೂ ಇಳಿಸದು, ಆದರೂ ಮೈಗೆ ಎರಡು-ಮೂರು ಡಿಗ್ರಿ ಇಳಿದಂತೆಯೇ ತೋರುತ್ತದೆ.

ಹೊಂದಾಣಿಕೆಯ ಈ ಸಿದ್ಧಾಂತವನ್ನು ದುರುಪಯೋಗಪಡಿಸಿಕೊಳ್ಳುವುದೂ ಸುಲಭ. ಜನ ಬಿಸಿಲಿಗೆ ಒಗ್ಗಿಕೊಂಡಿದ್ದಾರೆ, ಅವರಿಗೆ ಏನೂ ಬೇಕಾಗಿಲ್ಲ ಎಂದು ಹೇಳಿ ಕೈತೊಳೆದುಕೊಳ್ಳುವವರಿಗೆ ಅದು ಒಳ್ಳೆಯ ನೆಪವಾದೀತು. ಸಿದ್ಧಾಂತ ಹಾಗೆ ಹೇಳುವುದಿಲ್ಲ. ಹೈದರಾಬಾದಿನ ಅಧ್ಯಯನದಲ್ಲಿಯೇ ನಡುಬೇಸಗೆಯಲ್ಲಿ ಬಹುಜನ ಸಂಕಟಪಟ್ಟದ್ದೂ, ಮೇಲಂತಸ್ತಿನ ಮನೆಗಳವರ ಪಾಡು ಹೆಚ್ಚು ಕಷ್ಟವಾಗಿದ್ದುದೂ ದಾಖಲಾಗಿದೆ. ಹೊಂದಿಕೊಳ್ಳಬೇಕಾದರೆ ಹೊಂದಿಕೊಳ್ಳುವ ಸಾಧನ ಕೈಯಲ್ಲಿರಬೇಕು. ತೆರೆಯುವ ಕಿಟಕಿ, ತಿರುಗುವ ಬೀಸಣಿಗೆ, ಕುಡಿಯುವ ನೀರು, ಉಡುಪಿನ ಸ್ವಾತಂತ್ರ್ಯ, ಎದ್ದು ಬೇರೆಡೆ ಕೂರುವ ಅಧಿಕಾರ ಇವೆಲ್ಲ ಆ ಸಾಧನಗಳು. ಇವುಗಳಲ್ಲಿ ಒಂದೂ ಇಲ್ಲದ ವ್ಯಕ್ತಿ ಯಾರೆಂದು ಕೇಳಿದರೆ, ಶಾಲೆಯ ವಿದ್ಯಾರ್ಥಿಯೆಂದು ಉತ್ತರ ಹೇಳಬೇಕಾಗುತ್ತದೆ. ಅವನು ತೋರಿಸಿದ ಬೆಂಚಿನಲ್ಲಿ ಕೂರಬೇಕು, ನಿಯಮದ ಸಮವಸ್ತ್ರವನ್ನು ತೊಡಬೇಕು, ಕೆಲವೆಡೆ ಏಪ್ರಿಲಿನಲ್ಲಿಯೂ ಕಾಲುಚೀಲ, ಬೂಟು, ಟೈಗಳನ್ನು ಬಿಡುವಂತಿಲ್ಲ; ನೀರಿಗೂ ಅಪ್ಪಣೆ ಕೇಳಬೇಕು. ಇದರ ಮೇಲೆ ಇನ್ನೊಂದು ಸಂಗತಿಯಿದೆ. ಇಂಗ್ಲೆಂಡಿನ ಸೌತಾಂಪ್ಟನ್ನಿನ ಒಂದು ಪ್ರಾಥಮಿಕ ಶಾಲೆಯಲ್ಲಿ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಮಕ್ಕಳಿಗೆ ಹಿತವೆನಿಸುವ ಉಷ್ಣಮಾನ ದೊಡ್ಡವರಿಗಾಗಿ ರಚಿಸಿದ ಹೊಂದಾಣಿಕೆಯ ಸೂತ್ರ ಹೇಳುವುದಕ್ಕಿಂತ ಸುಮಾರು ಎರಡು ಡಿಗ್ರಿಯೂ, ಫ್ಯಾಂಗರನ ಸಮೀಕರಣ ಹೇಳುವುದಕ್ಕಿಂತ ಸುಮಾರು ನಾಲ್ಕು ಡಿಗ್ರಿಯೂ ಕೆಳಗಿತ್ತು. ಉಪಾಧ್ಯಾಯನಿಗೆ ಸಹ್ಯವಾದ ಕೋಣೆ ಮಕ್ಕಳಿಗೂ ಸಹ್ಯವೆಂದು ತಿಳಿಯಬಾರದು. ಮಧ್ಯಾಹ್ನದ ಪಾಠದಲ್ಲಿ ತೂಕಡಿಸುವ ಹುಡುಗನನ್ನು ಗದರಿಸುವ ಮೊದಲು ಒಮ್ಮೆ ತಲೆಯೆತ್ತಿ ಛಾವಣಿಯನ್ನು ನೋಡುವುದು ಯುಕ್ತ.

ಏಕೆಂದರೆ ನಮ್ಮ ಶಾಲೆಗಳ ಬಿಸಿಯ ದೊಡ್ಡ ಪಾಲು ಮೇಲಿನಿಂದಲೇ ಇಳಿಯುತ್ತದೆ. ತಗಡಿನ ಮಾಡು ನಡುಹಗಲಿಗೆ ಅರವತ್ತು ಡಿಗ್ರಿಯ ವರೆಗೂ ಕಾಯಬಲ್ಲುದು. ಆಗ ಕೋಣೆಯ ಗಾಳಿ ಮೂವತ್ತಮೂರು ಡಿಗ್ರಿ ಇದ್ದರೂ ಮಕ್ಕಳ ನೆತ್ತಿ ಮೂವತ್ತಮೂರರಲ್ಲಿ ಇರುವುದಿಲ್ಲ. ಅದು ಆ ತಗಡಿನ ಝಳವನ್ನೇ ಕುಡಿಯುತ್ತದೆ. ಉತ್ತರ ಕರ್ನಾಟಕದ ಹಳೆಯ ಮಾಳಿಗೆ ಮನೆಗಳಲ್ಲಿ ಮೊಳಕ್ಕೂ ಮೀರಿದ ಮಣ್ಣಿನ ಗೋಡೆ, ತೊಲೆಗಳ ಮೇಲೆ ದಟ್ಟವಾಗಿ ಹೊದಿಸಿದ ಮಣ್ಣು ಹಗಲಿನ ಬಿಸಿಲನ್ನು ತಡೆದು, ಒಳಕ್ಕೆ ಬಿಡುವುದಕ್ಕೆ ಎಂಟು-ಹತ್ತು ಗಂಟೆಗಳನ್ನು ತೆಗೆದುಕೊಳ್ಳುತ್ತಿದ್ದವು. ಅಷ್ಟರಲ್ಲಿ ಹೊರಗೆ ರಾತ್ರಿಯ ಗಾಳಿ ಬೀಸತೊಡಗಿರುತ್ತಿತ್ತು, ಮನೆಯವರು ಅಂಗಳದಲ್ಲೋ ಮಾಳಿಗೆಯ ಮೇಲೋ ಹಾಸಿಗೆ ಬಿಡಿಸಿರುತ್ತಿದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳುತನದಲ್ಲಿ ಸ್ಥಾಪಿತವಾದ ಅಸ್ತ್ರ ಕೇಂದ್ರವು, ಕೆ. ಎಸ್. ಜಗದೀಶರಂಥವರ ಪರಿಶ್ರಮದಿಂದ, ಮಣ್ಣಿಗೆ ತುಸು ಸಿಮೆಂಟನ್ನು ಬೆರೆಸಿ ಯಂತ್ರದಲ್ಲಿ ಒತ್ತಿದ ಇಟ್ಟಿಗೆಗಳನ್ನು ಬಳಕೆಗೆ ತಂದಿತು. ಅವನ್ನು ಸುಡಬೇಕಾಗಿಲ್ಲ, ಆದುದರಿಂದ ಗೂಡಿನ ಸೌದೆ ಪೂರ್ತಿ ಉಳಿಯುತ್ತದೆ. ಕಟ್ಟಡ ಮುಗಿದ ಮೇಲೆ ಸುಡುವ ವಿದ್ಯುತ್ತಿನಂತೆಯೇ ಕಟ್ಟುವಾಗ ಸುಡುವ ಸೌದೆಯೂ ಲೆಕ್ಕಕ್ಕೆ ಸೇರತಕ್ಕದ್ದೆಂಬ ದೃಷ್ಟಿ ನಮ್ಮ ನಾಡಿನಲ್ಲಿ ಬಲಗೊಂಡದ್ದು ಅಲ್ಲಿಂದ.

ಹೊಸ ಕೊಠಡಿ ಕಟ್ಟಿಸುವವರು ಇಷ್ಟನ್ನೆಲ್ಲ ಯೋಚಿಸಲು ಅವಕಾಶವಿದೆ: ಪೂರ್ವ ಪಶ್ಚಿಮಗಳ ಗೋಡೆಗೆ ಕಿಟಕಿ ಕಡಿಮೆ, ಉತ್ತರ ದಕ್ಷಿಣಗಳಲ್ಲಿ ಎದುರುಬದುರು ಕಿಟಕಿ, ಬಿಸಿಲು ತಾಗದಂತೆ ಚಾಚಿದ ಸೂರು. ಈಗಾಗಲೇ ನಿಂತಿರುವ ಕೊಠಡಿಗಳಿಗೆ ಉಳಿದಿರುವ ಅಗ್ಗದ ಉಪಾಯ ಸುಣ್ಣ. ಛಾವಣಿಗೆ ಬಿಳಿಯ ಲೇಪನ ಕೊಟ್ಟರೆ ಬಿಸಿಲಿನ ಬಹುಪಾಲು ಹಿಂದಕ್ಕೆ ಚಿಮ್ಮಿ, ಕೆಳಗಿನ ಕೋಣೆಯಲ್ಲಿ ಎರಡರಿಂದ ಐದು ಡಿಗ್ರಿಯ ವರೆಗೆ ಇಳಿತ ಕಂಡದ್ದುಂಟು. ಅಹಮದಾಬಾದಿನಲ್ಲಿ 2017ರಿಂದ ಬಡವರ ಮನೆಗಳ ಮಾಡುಗಳಿಗೆ ಬಿಳಿ ಬಳಿಯುವ ಕಾರ್ಯಕ್ರಮ ನಡೆಯಿತು. ನೆರೆಯ ತೆಲಂಗಾಣ ಸರಕಾರವು 2023ರಲ್ಲಿ ಇದನ್ನೇ ರಾಜ್ಯದ ನೀತಿಯಾಗಿ ಅಂಗೀಕರಿಸಿತು. ಸುಣ್ಣದ ದೋಷವೊಂದೇ: ಮಳೆ ಅದನ್ನು ತೊಳೆಯುತ್ತದೆ, ಧೂಳು ಅದನ್ನು ಮಾಸುತ್ತದೆ, ಮರುವರ್ಷ ಮತ್ತೆ ಬಳಿಯಲೇಬೇಕು. ಶಿವರಾತ್ರಿಗೆ ಚಳಿ ಶಿವ ಶಿವ ಎನ್ನುತ್ತ ಹೊರಟುಹೋದ ಮಾರನೆಯ ವಾರವೇ, ಮಕ್ಕಳ ಪರೀಕ್ಷೆಗಳು ಆರಂಭವಾಗುವ ಮುನ್ನ, ಒಂದೆರಡು ಮೂಟೆ ಸುಣ್ಣ, ಇಬ್ಬರು ಆಳು, ಒಂದು ಏಣಿ ಇದ್ದರೆ ಆ ಕೆಲಸ ಒಂದು ದಿನದಲ್ಲಿ ಮುಗಿಯುತ್ತದೆ.